ಅಲುಗದ ಸೊನ್ನೆ

ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರು ನನ್ನ ಪ್ರಯೋಗಶಾಲೆಗೆ ಬಂದರೆ ಕೂರುವುದಿಲ್ಲ. ಅವರದು ಕಾಗದ ಪೆನ್ನಿನ ಭೌತಶಾಸ್ತ್ರ. ಬೆಸುಗೆಯ ಹೊಗೆ ಆಗಿಬರುವುದಿಲ್ಲ. ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ಹೇಳುವುದನ್ನು ಹೇಳಿ ಹೊರಟುಬಿಡುತ್ತಾರೆ. ಆ ದಿನ ಒಳಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಹಿಂದೆ ಅವರ ಸಂಶೋಧನಾ ವಿದ್ಯಾರ್ಥಿನಿ, ತುಮಕೂರಿನವಳು, ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಪುಣೆಯಲ್ಲಿ ಇಷ್ಟು ವರ್ಷ ಕಳೆದರೂ ಅವಳ ಕನ್ನಡಕ್ಕೆ ಮರಾಠಿ ಅಂಟಿಲ್ಲ, ಅದು ಅರ್ಧ ಇಂಗ್ಲಿಷು. ನನ್ನ ವಿಜಯಪುರದ ಕನ್ನಡ ಕೇಳಿದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಆ ದಿನ ನಗಲಿಲ್ಲ. ಏನೋ ದೊಡ್ಡದೇ ಇದೆ ಎಂದುಕೊಂಡೆ.

ಅವಳ ಪಿಎಚ್‌ಡಿ ಕೇಯಾಸ್ ಬಗ್ಗೆ. ಕೇಯಾಸ್ ಎಂದರೆ ಲಂಗುಲಗಾಮಿಲ್ಲದ್ದು ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ನಿಯಮ ಖಚಿತವಾಗಿಯೇ ಇರುತ್ತದೆ. ಆದರೆ ಹೊರಡುವಾಗ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅದು ಬೆಳೆಯುತ್ತ ಹೋಗಿ, ಒಂದೇ ಅಚ್ಚಿನ ಎರಡು ವ್ಯವಸ್ಥೆಗಳು ಸ್ವಲ್ಪ ಹೊತ್ತಿನಲ್ಲೇ ಪರಿಚಯವಿಲ್ಲದವರಂತೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಈಗ ಇವೆರಡನ್ನೂ ಹೊರಗಿನಿಂದ ಕಂಡಾಬಟ್ಟೆ ನೂಕಿದರೆ ಏನಾಗುತ್ತದೆ? ನೂಕುವುದೆಂದರೆ, ಗೊತ್ತುಗುರಿಯಿಲ್ಲದೆ ಏರಿಳಿಯುವ ಒಂದು ವೋಲ್ಟೇಜು. ಕಿವಿಗೆ ಕೇಳಿಸದಿದ್ದರೂ ನಾವು ಅದನ್ನು ಗದ್ದಲ ಎನ್ನುತ್ತೇವೆ. ಎರಡಕ್ಕೂ ಅದೇ ಗದ್ದಲ, ಅದೇ ಕ್ಷಣದಲ್ಲಿ. ಇರುವ ಗೊಂದಲ ಇನ್ನಷ್ಟು ಹೆಚ್ಚಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅವಳ ಕಂಪ್ಯೂಟರು ಉಲ್ಟಾ ಹೇಳುತ್ತಿತ್ತು. ಗದ್ದಲ ಒಂದು ಮಟ್ಟ ದಾಟಿದರೆ ಎರಡೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತವೆ. ಅವೆರಡರ ನಡುವೆ ಯಾವ ತಂತಿಯೂ ಇಲ್ಲ. ಗದ್ದಲವೇ ಶಿಸ್ತು ಕಲಿಸುತ್ತದೆ.

"ಇದನ್ನು ನಿಜವಾದ ಸರ್ಕಿಟ್‌ನಲ್ಲಿ ತೋರಿಸಬೇಕು," ಎಂದರು ಸರ್ ಮರಾಠಿಯಲ್ಲಿ. "ಪರೀಕ್ಷೆಗೆ ಬರುವವರು ಪ್ರಯೋಗದ ಮನುಷ್ಯ. ಬರೀ ಕಂಪ್ಯೂಟರನ್ನು ನಂಬುವ ಪೈಕಿಯಲ್ಲ."

ಥೀಸಿಸ್ ಸಲ್ಲಿಸಲು ಅವಳಿಗೆ ಸಿಕ್ಕಿದ್ದ ಹೆಚ್ಚುವರಿ ಅವಧಿ ದೀಪಾವಳಿಗೆ ಮುಗಿಯುತ್ತಿತ್ತು. ಮತ್ತೊಂದು ಅವಧಿ ಸಿಗುವುದಿಲ್ಲ ಎಂದು ಕಚೇರಿಯವರು ಕಡ್ಡಿ ಮುರಿದಂತೆ ಹೇಳಿದ್ದರು. ತುಮಕೂರಿನ ಕಾಲೇಜೊಂದು ಅವಳಿಗಾಗಿ ಉಪನ್ಯಾಸಕಿಯ ಜಾಗ ಹಿಡಿದಿಟ್ಟುಕೊಂಡು ಕಾಯುತ್ತಿತ್ತು. ಹಿಂದಿನ ಅಧ್ಯಾಯಗಳು ಚೆನ್ನಾಗಿದ್ದವು, ಆದರೆ ತೆಳುವಾಗಿದ್ದವು. ಈ ಕೊನೆಯ ಅಧ್ಯಾಯ ಗಟ್ಟಿಯಾಗಿ ನಿಂತರೆ ಥೀಸಿಸ್ ನಿಂತಂತೆ ಎಂದು ಸಮಿತಿಯವರು ಮೊದಲೇ ಹೇಳಿಬಿಟ್ಟಿದ್ದರು. ಆಗಿನ್ನೂ ಮಳೆಗಾಲ ಶುರುವಾಗುವುದರಲ್ಲಿತ್ತು. ಸಾಕಷ್ಟು ಸಮಯವಿದೆ ಎಂದು ನಾನೇ ಧೈರ್ಯ ಹೇಳಿದೆ.

ಮರುದಿನ ಪುಣೆಯ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ಹೋದೆ. ಅಲ್ಲಿ ನನಗೊಂದು ಖಾಯಂ ಅಂಗಡಿಯಿದೆ. ಮಾಲೀಕರು ಬಾಗಲಕೋಟೆ ಕಡೆಯವರು, ಗಲ್ಲೆಯ ಮೇಲೆ ಜೇಜುರಿ ಖಂಡೋಬನ, ಅವರ ಬಾಯಲ್ಲಿ ಮಲ್ಲಯ್ಯನ, ಫೋಟೋ, ಪಕ್ಕದಲ್ಲಿ ಭಂಡಾರದ ಅರಿಶಿಣದ ಡಬ್ಬಿ. ಎರಡು ಸರ್ಕಿಟ್‌ಗಳು ಅವಳಿಜವಳಿಯಂತೆ ಇರಬೇಕಾದರೆ ಬಿಡಿಭಾಗಗಳು ಜೋಡಿ ಜೋಡಿಯಾಗಿ ಕೂಡಬೇಕು. ಪೊಟ್ಟಣದ ಮೇಲೆ ಒಂದೇ ಬೆಲೆ ಬರೆದಿದ್ದರೂ ಅಳೆದಾಗ ಒಂದು ರೆಸಿಸ್ಟರ್ ಇನ್ನೊಂದರಂತೆ ಇರುವುದಿಲ್ಲ. ಹಾಗಾಗಿ ನಾನು ಮೀಟರ್ ಹಿಡಿದು ಅಂಗಡಿಯಲ್ಲೇ ಕೂತು ಒಂದೊಂದನ್ನೇ ಅಳೆಯುತ್ತೇನೆ.

"ಅಕ್ಕಾರ, ಕನ್ಯಾ ನೋಡಾಕ ಬಂದೋರೂ ಇಷ್ಟ್ ನೋಡಂಗಿಲ್ರಿ," ಎಂದರು ಅವರು.

"ಜೋಡಿ ಕೂಡಬೇಕಲ್ರಿ, ಅದಕ್ಕ."

"ಜೋಡಿ ಯಾವಾಗರ ಪೂರಾ ಕೂಡ್ಯಾವೇನ್ರಿ? ನಮ್ಮನಿಯಾಕೀನ್ನ ಕೇಳ್ರಿ ಒಂದ್ಸಲ." ಹಾಗೆನ್ನುತ್ತಲೇ ಗಡಿಯಾರ ನೋಡಿದರು. ಒಂದು ಗಂಟೆಯಾದರೆ ಈ ಪೇಠೆಯಲ್ಲಿ ಶಟರ್ ಇಳಿಯುತ್ತದೆ, ಗಿರಾಕಿ ಯಾರೇ ಇರಲಿ. "ಲಗೂನ ಮುಗಸ್ರಿ. ಇಲ್ಲಾಂದ್ರ ನಾಕರ ತನಕಾ ಒಳಗ ಕುಂಡ್ರಬೇಕಾಗ್ತದ."

ಎರಡು ಬೋರ್ಡು ಕಟ್ಟಿದ್ದಾಯಿತು. ಪ್ರತಿಯೊಂದರಲ್ಲೂ ಆಪ್-ಆಂಪ್ ಚಿಪ್ಪುಗಳು, ಮೂರು ಕೆಪಾಸಿಟರು, ಬೆನ್ನಿಗೆ ಬೆನ್ನು ಕೊಟ್ಟ ಎರಡು ಡಯೋಡು. ಆಸಿಲೋಸ್ಕೋಪಿಗೆ ಜೋಡಿಸಿದರೆ ಪರದೆಯ ಮೇಲೆ ಎರಡು ರೆಕ್ಕೆಯ ಆಕಾರ ಮೂಡುತ್ತಿತ್ತು. ಬೆಳಕಿನ ಚುಕ್ಕೆ ಒಂದು ರೆಕ್ಕೆಯಲ್ಲಿ ಎಷ್ಟೋ ಸುತ್ತು ಹಾಕಿ, ಯಾವಾಗಲೋ ಇನ್ನೊಂದಕ್ಕೆ ಹಾರುತ್ತಿತ್ತು. ಯಾವಾಗ ಹಾರುತ್ತದೆ ಎಂದು ಹೇಳಲು ಬಾರದು. ಆ ಚಿತ್ರ ಎಷ್ಟು ಸಲ ನೋಡಿದರೂ ನನಗೆ ಬೇಸರವಾಗುವುದಿಲ್ಲ.

ಗದ್ದಲಕ್ಕೊಂದು ಪೆಟ್ಟಿಗೆ ಮಾಡಿದೆ. ಜೀನರ್ ಡಯೋಡಿಗೆ ತಡೆಯಲಾರದಷ್ಟು ವೋಲ್ಟೇಜು ಕೊಟ್ಟರೆ ಅದು ಒಳಗೊಳಗೇ ಚಟಪಟ ಎನ್ನುತ್ತದೆ. ಆ ಚಟಪಟವನ್ನು ದೊಡ್ಡದು ಮಾಡಿ ಎರಡೂ ಬೋರ್ಡುಗಳಿಗೆ ಹಂಚಬೇಕು. ಗುರುವಾರ ಗುರುವಾರ ರಿಪೇರಿಯ ಹೆಸರಿನಲ್ಲಿ ನಮ್ಮ ಕಡೆ ಕರೆಂಟು ತೆಗೆಯುತ್ತಾರೆ. ಇದ್ದಾಗಲೂ ಅದರ ಮೊರೆತ ಗದ್ದಲಕ್ಕೆ ಬೆರೆಯುತ್ತದೆ. ಅದಕ್ಕೇ ಪೆಟ್ಟಿಗೆಗೆ ಎರಡು ಚಿಕ್ಕ ಬ್ಯಾಟರಿ ಹಾಕಿದೆ, ಒಂದು ಧನ, ಒಂದು ಋಣ. ಚಾಲೂ ಇದೆಯೋ ಇಲ್ಲವೋ ತಿಳಿಯಲು ಒಂದು ಕೆಂಪು ದೀಪವನ್ನೂ ಧನದ ಬ್ಯಾಟರಿಗೆ ಸಿಕ್ಕಿಸಿದೆ. ಆ ದೀಪವೇ ಮುಂದೆ ನಮ್ಮನ್ನೆಲ್ಲ ಕುಣಿಸಿತು.

ನೋಡುವ ರೀತಿ ಸುಲಭ. ಪರದೆಯ ಅಡ್ಡಕ್ಕೆ ಒಂದು ಬೋರ್ಡಿನ ವೋಲ್ಟೇಜು, ಉದ್ದಕ್ಕೆ ಇನ್ನೊಂದರದು. ಎರಡೂ ಕೂಡಿ ನಡೆದರೆ ಪರದೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ. ಕೂಡದಿದ್ದರೆ ಪರದೆ ತುಂಬ ಬೂದಿ ಚೆಲ್ಲಿದ ಹಾಗೆ. ಮೊದಲ ದಿನ ಬೆಳಿಗ್ಗೆ ಗದ್ದಲದ ಗುಂಡಿಯನ್ನು ಎಷ್ಟು ತಿರುವಿದರೂ ಬೂದಿಯೇ. ಅವಳ ಮುಖ ಬಾಡಿತು. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮುಗಿಸಿ ಬಂದು ನೋಡಿದರೆ ಗೆರೆ! ದಪ್ಪ ಗೆರೆ, ಸೆಣಬಿನ ಹುರಿಯಂತೆ ಜುಂಗುಜುಂಗು, ಆದರೂ ಗೆರೆಯೇ. ಅವಳು ನನ್ನನ್ನು ತಬ್ಬಿಕೊಂಡಳು. ಸಂಜೆ ಸರ್ ಬಾಗಿಲಲ್ಲಿ ನಿಂತು ಇಣುಕಿ, ಕರವಸ್ತ್ರದ ಹಿಂದಿನಿಂದಲೇ "ವ್ವಾ!" ಎಂದರು.

ಮರುದಿನ ಬೆಳಿಗ್ಗೆ ಮತ್ತೆ ಬೂದಿ.

ಇದೇ ನಡೆಯಿತು. ಬೆಳಿಗ್ಗೆ ಬೂದಿ, ಮಧ್ಯಾಹ್ನ ಗೆರೆ, ಒಮ್ಮೊಮ್ಮೆ ಮಧ್ಯಾಹ್ನವೂ ಇಲ್ಲ. ಸೆಕೆಯ ಪ್ರಭಾವ ಇರಬಹುದೆಂದು ಫ್ಯಾನ್ ಹಚ್ಚಿ ನೋಡಿದೆವು, ಆರಿಸಿ ನೋಡಿದೆವು. ಹೇರ್ ಡ್ರೈಯರ್ ತಂದು ಚಿಪ್ಪುಗಳಿಗೆ ಬಿಸಿಗಾಳಿ ಊದಿದೆವು. ತಂತಿಗಳನ್ನು ಗಿಡ್ಡ ಮಾಡಿದೆವು. ಬೋರ್ಡುಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಿದೆವು. ಏನೂ ಬಗೆಹರಿಯಲಿಲ್ಲ. ಸರ್ ದಿನಾ ಬಾಗಿಲಿಗೆ ಬಂದು, "ಕಾಯ್ ಮ್ಹಣತಂಯ್ ತುಮಚಂ ಸರ್ಕಿಟ್?" ಎನ್ನುವರು. ನಿಮ್ಮ ಸರ್ಕಿಟ್ ಏನನ್ನುತ್ತಿದೆ ಎಂದು ಕೇಳುವುದರಲ್ಲಿ, ತಪ್ಪು ನಿಮ್ಮದೇ ಎಂಬ ಅರ್ಥವೂ ಇತ್ತು. ನನಗೆ ಸಿಟ್ಟು ಬರುತ್ತಿತ್ತು. ಬೆಸುಗೆ ನನ್ನ ಮರ್ಯಾದೆ. ಅದರ ತಂಟೆಗೆ ಯಾರೂ ಬರಬಾರದು.

ಕೊನೆಗೆ ಬೋರ್ಡು ಬಿಟ್ಟು ಗದ್ದಲವನ್ನೇ ಸ್ಕೋಪಿನಲ್ಲಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲಿನ ತುದಿಗಳೆಲ್ಲ ಕತ್ತರಿಸಿದಂತೆ ಸಪಾಟಾಗಿದ್ದವು, ಕೆಳಗಿನ ತುದಿಗಳು ಹಾಗೇ ಇದ್ದವು. ಕೆಂಪು ದೀಪ ಧನದ ಬ್ಯಾಟರಿಯೊಂದನ್ನೇ ಹೀರುತ್ತಿತ್ತು. ರಾತ್ರಿ ಆರಿಸಿಟ್ಟಾಗ ತುಸು ಚೇತರಿಸಿಕೊಂಡರೂ ಮಧ್ಯಾಹ್ನಕ್ಕೆ ಅದು ಸೊರಗಿ, ಗದ್ದಲಕ್ಕೆ ಮೇಲೆ ಏರಲು ಜಾಗವೇ ಉಳಿಯುತ್ತಿರಲಿಲ್ಲ. ನನಗೆ ನಗು ಬಂತು. ಇಷ್ಟಕ್ಕೆ ಇಷ್ಟು ದಿನ! ಬ್ಯಾಟರಿಯ ಪೆಟ್ಟಿಗೆ ಎತ್ತಿಟ್ಟು ಒಳ್ಳೆಯ ಪವರ್ ಸಪ್ಲೈ ಜೋಡಿಸಿ ಹೊಸ ಪೆಟ್ಟಿಗೆ ಕಟ್ಟಿದೆ. ಗದ್ದಲ ಈಗ ಎಷ್ಟು ಚೊಕ್ಕಟವೆಂದರೆ ಮೇಲೂ ಕೆಳಗೂ ಒಂದೇ ಸಮ. ಸರಾಸರಿ ತೆಗೆದರೆ ಎರಡು ಕಡೆಗೂ ವಾಲುವುದಿಲ್ಲ. ಹೆಮ್ಮೆಯಿಂದ ಅವಳನ್ನು ಕರೆದೆ.

ಬೆಳಿಗ್ಗೆಯೂ ಬೂದಿ, ಮಧ್ಯಾಹ್ನವೂ ಬೂದಿ. ಗೆರೆ ಹೋದದ್ದು ಹೋಗಿಯೇಬಿಟ್ಟಿತು.

ಬಿಡಿಭಾಗಗಳ ಜೋಡಿ ಇನ್ನೂ ಹತ್ತಿರವಾಗಬೇಕು ಎಂದರು ಸರ್. ಮತ್ತೆ ಪೇಠೆಗೆ ಹೋಗಿ ಕೂತು ಅಳೆದೆ, ಅಂಗಡಿಯವರಿಂದ ಮತ್ತೆ ಅನ್ನಿಸಿಕೊಂಡೆ, ಬೋರ್ಡುಗಳನ್ನು ಮತ್ತೆ ಕಟ್ಟಿದೆ. ಫಲ ಅದೇ. ಅಷ್ಟರಲ್ಲಿ ಗಣಪತಿಯೂ ಬಂದು ಹೋಗಿದ್ದ. ಹುಡುಗಿ ಊಟಕ್ಕೆ ಬರುವುದನ್ನು ನಿಲ್ಲಿಸಿದಳು. ಕರೆದರೆ "ಹಸಿವಿಲ್ಲ ಮೇಡಮ್" ಎನ್ನುವಳು. ಅವಳ ಬಾಯಿಂದ ಬಾರದಿದ್ದರೂ, ಅವಳ ಕೆಲಸಕ್ಕೆ ಅಡ್ಡ ನಿಂತಿರುವುದು ನನ್ನ ಸರ್ಕಿಟ್ಟೇ ಎಂಬುದು ನಮ್ಮಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕೂತಿತ್ತು. ನನಗೆ ನಿಜಕ್ಕೂ ನೋವಾಗಿತ್ತು.

ಒಂದು ದಿನ ಅವಳಿಗೆ ಹೇಳಿದೆ. "ನಿನ್ನ ಗ್ರಾಫು ಭಾಳ ನೋಡೀನಿ. ಇವತ್ತ ಅದು ಬ್ಯಾಡ. ಎರಡೂ ನಡುವಿನ ಫರಕು ಎಷ್ಟು ಅಂತ ಅಂಕಿ ಅಂಕಿ ತೋರಸು."

ಅವಳು ಪರದೆಯ ಮೇಲೆ ಸಾಲುಸಾಲು ಅಂಕಿ ಹರಿಯಬಿಟ್ಟಳು. ಮೊದಲು ದೊಡ್ಡ ವ್ಯತ್ಯಾಸ. ಆಮೇಲೆ ಹಿಗ್ಗುವುದು, ಕುಗ್ಗುವುದು, ಮತ್ತೆ ಹಿಗ್ಗುವುದು. ಒಂದು ಕಡೆ ತೀರ ಕುಗ್ಗಿ, ಸೊನ್ನೆ. ಅದರ ಕೆಳಗೂ ಸೊನ್ನೆ. ಅಲ್ಲಿಂದ ಮುಂದೆ ಎಷ್ಟು ಕೆಳಗೆ ಇಳಿದರೂ ಸೊನ್ನೆ, ಸೊನ್ನೆ, ಸೊನ್ನೆ.

ಪ್ರಯೋಗಶಾಲೆಯಲ್ಲಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ನನ್ನ ಯಾವ ಮೀಟರೂ ಇವತ್ತಿಗೂ ಸೊನ್ನೆಗೆ ಬಂದು ಸುಮ್ಮನೆ ನಿಂತಿದ್ದಿಲ್ಲ. ಕೊನೆಯ ಅಂಕಿ ಹಾರುತ್ತಲೇ ಇರುತ್ತದೆ. ಹಾರದೆ ನಿಂತರೆ ನಾನು ಮೊದಲು ನೋಡುವುದು, ತಂತಿ ಎಲ್ಲಿ ಬಿಟ್ಟಿದೆ ಎಂದು.

"ಇದು ಅಲುಗವಲ್ದಲ್ಲ ಯಾಕ?"

"ಸೇಮ್ ಆದ್ಮೇಲೆ ಸೇಮಾಗೇ ಇರುತ್ತಲ್ವಾ ಮೇಡಮ್? ಇಕ್ವೇಶನ್ ಸೇಮ್, ನಾಯ್ಸೂ ಸೇಮ್. ಬೇರೆ ಆಗೋಕೆ ರೀಸನ್ನೇ ಇಲ್ಲ."

"ಖರೆ ಅದ. ಆದ್ರ ನಮ್ಮ ಬೋರ್ಡಿನಾಗ ಯಾವಾಗ್ಲೂ ಒಂದು ರೀಸನ್ ಇರ್ತದ. ಬಿಸಿ ಆಗ್ತದ, ಥಂಡಿ ಆಗ್ತದ, ಒಂದರ ಕಾಲು ಇನ್ನೊಂದಕ್ಕಿಂತ ಗಿಡ್ಡ ಇರ್ತದ. ಒಂದ್ ಕೆಲಸ ಮಾಡ್ತೀಯೇನು? ಸೊನ್ನಿ ಆದಮ್ಯಾಲ ಎರಡರಾಗ ಒಂದನ್ನ ಚೂರೇ ಚೂರು ಮುಟ್ಟು. ಕಡೀ ಅಂಕಿ ಒಂದು ಬದಲಾದ್ರ ಸಾಕು. ಕೂಡೇ ನಡೀತಾವೋ ಬಿಡ್ತಾವೋ ನೋಡೋಣು."

ಅವಳು ಜಾಣೆ. ಮಾತು ಮುಗಿಯುವುದರೊಳಗೆ ಅವಳಿಗೆ ಎಲ್ಲ ಹೊಳೆದಿತ್ತು. ಕಣ್ಣು ಪರದೆಯ ಮೇಲೇ ಇತ್ತು, ಕೈ ಕೀಬೋರ್ಡಿನಿಂದ ಹಿಂದೆ ಸರಿಯಿತು. ಸಾವಿರಾರು ಜೋಡಿಗಳನ್ನು ಬೇಗ ಬೇಗ ಓಡಿಸಲು ಅವಳು ಗ್ರಾಫಿಕ್ಸ್ ಕಾರ್ಡಿನ ಮೇಲೆ ಪ್ರೋಗ್ರಾಂ ಬರೆದಿದ್ದಳು. ಬೇಗ ಓಡಲೆಂದು ಅಂಕಿಗಳನ್ನು ಗಿಡ್ಡದಾಗಿ ಇಟ್ಟಿದ್ದಳು, ದಶಮಾಂಶದ ಏಳೆಂಟು ಸ್ಥಾನ, ಅದರಾಚೆ ಏನೂ ಇಲ್ಲ. ಎರಡು ಅಲೆಮಾರಿ ಸಂಖ್ಯೆಗಳು ಅಡ್ಡಾಡುತ್ತ ಅಡ್ಡಾಡುತ್ತ ಒಮ್ಮೆ ಆ ಕೊನೆಯ ಸ್ಥಾನಕ್ಕಿಂತ ಹತ್ತಿರ ಬಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅವು ಎರಡಲ್ಲ, ಒಂದೇ. ಮತ್ತೆ ಬೇರೆಯಾಗಲು ದಾರಿಯೇ ಇಲ್ಲ. ಅಂಟಿಕೊಂಡುಬಿಡುತ್ತವೆ.

"ಮಾಡಲೇಬೇಕಾ ಮೇಡಮ್?" ಎಂದಳು. ಧ್ವನಿ ಸಣ್ಣದಾಗಿತ್ತು.

ಮಾಡದಿದ್ದರೂ ನಡೆಯುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಗ್ರಾಫು ಅಂದವಾಗಿತ್ತು, ಸರ್ ಒಪ್ಪಿದ್ದರು. ಸರ್ಕಿಟ್ ಸರಿಯಾಗಿ ಬರಲಿಲ್ಲ ಎಂದು ಒಂದು ಸಾಲು ಬರೆದು ತಪ್ಪನ್ನು ನನ್ನ ತಲೆಗೆ ಕಟ್ಟಿದ್ದರೆ ನಾನೂ ಜಗಳಕ್ಕೆ ಹೋಗುತ್ತಿರಲಿಲ್ಲವೇನೋ.

"ಥೀಸಿಸ್ ನಿಂದು. ನಾ ಹೇಳಂಗಿಲ್ಲ," ಎಂದೆ.

ಅವಳು ಎದ್ದು ಹೊರಗೆ ಹೋದಳು. ಕಿಟಕಿಯಿಂದ ನೋಡಿದರೆ ಗೇಟಿನ ಹತ್ತಿರದ ಚಹಾದ ಗಾಡಿಯ ಮುಂದೆ ಒಬ್ಬಳೇ ನಿಂತಿದ್ದಳು. ಲೋಟ ಕೈಯಲ್ಲಿ ಹಾಗೇ ಇತ್ತು, ಕುಡಿಯುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ. ತಿರುಗಿ ಬಂದವಳು ಕೂತು, ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿ, ಓಡಿಸಿದಳು. ಸೊನ್ನೆ, ಸೊನ್ನೆ, ಒಂದು ಚೂರು ಮುಟ್ಟಿದ್ದು, ಆಮೇಲೆ ಅಂಕಿ ಬೆಳೆಯತೊಡಗಿತು. ಎರಡೂ ತಮ್ಮ ತಮ್ಮ ದಾರಿ ಹಿಡಿದವು. ಅಂಕಿಗಳನ್ನು ಉದ್ದ ಮಾಡಿ ಓಡಿಸಿದಳು. ಈ ಸಲ ಸೊನ್ನೆ ಬರಲೇ ಇಲ್ಲ.

"ನಿಮ್ ಸರ್ಕಿಟ್ ಸರಿಯಾಗೇ ಇತ್ತು," ಎಂದಳು. ಆಮೇಲೆ ಅತ್ತಳು. ನನಗೆ ಗೆದ್ದೆ ಎನ್ನಿಸಲಿಲ್ಲ.

ಸರ್ ಆ ಸುದ್ದಿ ಕೇಳಿ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟರು. ಆಮೇಲೆ, ಸಿಕ್ಕಿದ್ದು ಈಗಲೇ ಸಿಕ್ಕಿತಲ್ಲ, ಪರೀಕ್ಷೆಯ ದಿನ ಸಿಗಲಿಲ್ಲವಲ್ಲ, ಎಂದರು. ಅಧ್ಯಾಯವನ್ನು ಕೈಬಿಡಬೇಕು, ಉಳಿದದ್ದರಲ್ಲೇ ಸಮಿತಿಯ ಮನವೊಲಿಸಲು ನೋಡುತ್ತೇನೆ ಎಂದರು. ಒಲಿಯುತ್ತಾರೆ ಎಂಬ ಭರವಸೆ ಅವರ ಮುಖದಲ್ಲಿ ಇರಲಿಲ್ಲ. ಹುಡುಗಿ ಆ ವಾರ ನನ್ನ ಕಡೆ ಸುಳಿಯಲಿಲ್ಲ.

ಗುರುವಾರ ಬಂದಳು. ಕರೆಂಟು ಇರಲಿಲ್ಲ. ನಾನು ಕಿಟಕಿಯ ಬೆಳಕಿನಲ್ಲಿ ಮಕ್ಕಳ ಜರ್ನಲ್ ತಿದ್ದುತ್ತಿದ್ದೆ.

"ಮೇಡಮ್, ಆ ಹಳೇ ಬಾಕ್ಸ್ ಇದೆಯಾ? ಕೆಟ್ಟಿತ್ತಲ್ಲ, ರೆಡ್ ಲೈಟಿಂದು?"

"ಅದ್ಯಾಕ ಈಗ?"

"ನನ್ ಪ್ರೋಗ್ರಾಂ ಸುಳ್ಳು ಹೇಳಿದ್ದು ಲಾಸ್ಟ್ ಡಿಜಿಟ್‌ನಲ್ಲಿ. ಆದ್ರೆ ಸರ್ಕಿಟ್‌ಗೆ ಲಾಸ್ಟ್ ಡಿಜಿಟ್ ಅನ್ನೋದೇ ಇಲ್ವಲ್ಲ. ಮಧ್ಯಾಹ್ನ ನಾವು ನೋಡಿದ್ ಲೈನು? ಅದು ನಿಜಾನೇ ಇರ್ಬೇಕು, ಅಲ್ವಾ?"

ನಾನು ಬೆಪ್ಪಾದೆ. ಗದ್ದಲವನ್ನು ಚೊಕ್ಕಟ ಮಾಡುವ ಉಮೇದಿನಲ್ಲಿ, ಕೆಟ್ಟಾಗ ಏಕೆ ಸರಿಯಾಗಿ ನಡೆಯುತ್ತಿತ್ತು ಎಂದು ನಾನು ಕೇಳಿಕೊಂಡಿರಲೇ ಇಲ್ಲ. ಅವಳ ಸೊನ್ನೆ ನನಗೆ ಕಂಡಿತ್ತು. ನನ್ನ ಕೆಂಪು ದೀಪ ಅವಳಿಗೆ ಕಂಡಿತು. ಪೆಟ್ಟಿಗೆ ಕಪಾಟಿನ ಮೇಲಿತ್ತು. ನಾನು ಏನನ್ನೂ ಎಸೆಯುವುದಿಲ್ಲ, ಮನೆಯಲ್ಲಿ ಅದಕ್ಕಾಗಿ ಬೈಸಿಕೊಳ್ಳುತ್ತೇನೆ.

ಕರೆಂಟು ಬಂದ ಕೂಡಲೇ ಅದನ್ನು ಜೋಡಿಸಿ, ಸೊರಗಿದ ಬ್ಯಾಟರಿಯನ್ನೇ ಹುಡುಕಿ ಹಾಕಿದೆವು. ಪರದೆಯ ಮೇಲೆ ಬೂದಿ ನಿಧಾನಕ್ಕೆ ಕೂಡಿಕೊಂಡು ಗೆರೆಯಾಯಿತು.

ಮುಂದಿನ ಕೆಲಸ ಬೇಗ ಸಾಗಿತು. ಮೇಲಿನ ತುದಿಗಳು ಕತ್ತರಿಸಿಹೋದರೆ ಗದ್ದಲದ ಸರಾಸರಿ ಒಂದು ಕಡೆಗೆ ವಾಲುತ್ತದೆ. ಆ ವಾಲುವಿಕೆಯನ್ನು ಬ್ಯಾಟರಿಯ ಕೃಪೆಗೆ ಬಿಡುವ ಬದಲು ಹೊಸ ಪೆಟ್ಟಿಗೆಗೇ ಒಂದು ಗುಂಡಿ ಹಾಕಿದೆ. ಒಂದು ಗುಂಡಿ ಗದ್ದಲಕ್ಕೆ, ಒಂದು ವಾಲಿಗೆ. ಬರೀ ವಾಲು ಕೊಟ್ಟರೆ ಬೂದಿ. ಬರೀ ಗದ್ದಲ ಕೊಟ್ಟರೂ ಬೂದಿ. ಎರಡೂ ಸೇರಿ, ಗದ್ದಲ ಒಂದು ಮಟ್ಟ ದಾಟಿದಾಗ, ಗೆರೆ. ಇದನ್ನು ಅವಳು ಉದ್ದ ಅಂಕಿಗಳಲ್ಲಿ, ಎರಡಕ್ಕೂ ಬೇರೆ ಬೇರೆಯಾಗಿ ಚೂರು ಬಿಸಿ ಚೂರು ಥಂಡಿ ಸೇರಿಸಿ ಕಂಪ್ಯೂಟರಿನಲ್ಲಿ ಓಡಿಸಿದಳು. ಅಲ್ಲೂ ಬಂತು. ಆ ಎರಡು ರೆಕ್ಕೆಯ ಆಕಾರದಲ್ಲಿ ಕೆಲವು ಜಾಗಗಳು ಪಕ್ಕಪಕ್ಕದವರನ್ನು ಅಗಲಿಸುತ್ತವೆ, ಕೆಲವು ಹತ್ತಿರ ತರುತ್ತವೆ. ಗದ್ದಲ ಬರೀ ನೂಕಿದರೆ ಎಲ್ಲ ಕಡೆಗೂ ಬೀಳುತ್ತಾರೆ; ಸ್ವಲ್ಪ ವಾಲಿಸಿ ನೂಕಿದರೆ ಹತ್ತಿರ ತರುವ ಜಾಗದಲ್ಲಿ ಹೆಚ್ಚು ಹೊತ್ತು ಕಳೆಯುತ್ತಾರೆ. ಇಷ್ಟೇ ವಿಷಯ. ಇಷ್ಟಕ್ಕೆ ಅವಳು ಸಮೀಕರಣಗಳಲ್ಲಿ ಪುಟಗಟ್ಟಲೆ ಬರೆದಿದ್ದಾಳೆ, ನನಗೆ ಅದರ ಅರ್ಧ ತಿಳಿಯುತ್ತದೆ.

ಒಂದು ವಿಚಿತ್ರ ಮಾತ್ರ ಉಳಿಯಿತು. ಗೆರೆ ಶಾಶ್ವತವಲ್ಲ. ಚೆನ್ನಾಗಿ ನಡೆಯುತ್ತಿದ್ದಾಗಲೇ ಇದ್ದಕ್ಕಿದ್ದಂತೆ ಒಡೆದು ಪರದೆಯೆಲ್ಲ ಬೂದಿಯಾಗಿ, ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಕೂಡುತ್ತದೆ. ಯಾವಾಗ ಒಡೆಯುತ್ತದೆ, ಎಷ್ಟು ಹೊತ್ತಿಗೆ ಕೂಡುತ್ತದೆ, ಹೇಳಲು ಬಾರದು. ಹೊಸದರಲ್ಲಿ ಗೆರೆ ಒಡೆದಾಗಲೆಲ್ಲ ನಾನು ಗುಂಡಿ ತಿರುವಿ ಸರಿಮಾಡಲು ಹೋಗುತ್ತಿದ್ದೆ. ಅವಳು ತಡೆಯುತ್ತಿದ್ದಳು. "ಬಿಡಿ ಮೇಡಮ್, ಅದೇ ರಿಸಲ್ಟು." ಒಡೆದದ್ದೆಷ್ಟು ಹೊತ್ತು, ಕೂಡಿದ್ದೆಷ್ಟು ಹೊತ್ತು ಎಂದು ಅಳೆಯುವುದೇ ಅಧ್ಯಾಯದ ತಿರುಳಾಯಿತು. ಮೊದಲಿನ ಸುಳ್ಳು ಸೊನ್ನೆಯ ಕಥೆಯನ್ನೂ ಅದರಲ್ಲಿ ಬರೆದಳು. ಅದೇಕೆ ಬೇಕು ಎಂದು ಸರ್ ಗೊಣಗಿದರು, ಅವಳು ಜಗ್ಗಲಿಲ್ಲ. ದೀಪಾವಳಿಯ ಆಕಾಶಬುಟ್ಟಿಗಳು ಪೇಠೆಯಲ್ಲಿ ತೂಗಾಡಲು ಶುರುವಾಗುವ ಹೊತ್ತಿಗೆ ಥೀಸಿಸ್ ಸಲ್ಲಿಕೆಯಾಯಿತು. ಅವಳು ತುಮಕೂರಿಗೆ ಹೋಗಿ ಕೆಲಸಕ್ಕೆ ಸೇರಿದಳು. ಆದರೆ ಪದವಿ ಕೈಗೆ ಬರುವವರೆಗೆ ಕೆಲಸ ಖಾಯಂ ಅಲ್ಲ.

ಮೌಖಿಕ ಪರೀಕ್ಷೆಗೆ ಅವಳು ಚಳಿಗಾಲದಲ್ಲಿ ತಿರುಗಿ ಬಂದಳು. ಹಿಂದಿನ ದಿನ ನಾನು ಒಂದು ಕನೆಕ್ಟರ್ ತರಲು ಪೇಠೆಗೆ ಹೋಗಿದ್ದಾಗ ಅಂಗಡಿಯವರು ಭಂಡಾರದ ಪೊಟ್ಟಣ ಕೊಟ್ಟಿದ್ದರು. "ನಿಮ್ಮ ಹುಡುಗೀ ಪರೀಕ್ಷಾ ಅದ ಅಂದ್ರಲ್ಲ, ಮಷೀನಿಗೆ ಹಚ್ಚ್ರಿ. ಮಲ್ಲಯ್ಯ ನಡಸಿಕೊಡ್ತಾನ." ಪರೀಕ್ಷೆಯ ಬೆಳಿಗ್ಗೆ ಅವಳು ಆ ಅರಿಶಿಣವನ್ನು ಚಿಟಿಕೆಯಲ್ಲಿ ಹಿಡಿದು ಬೋರ್ಡಿನತ್ತ ಹೋದದ್ದು ನೋಡಿ ನಾನು ಕೈ ಅಡ್ಡ ಚಾಚಿದೆ. "ಬೋರ್ಡಿಗೆ ಬ್ಯಾಡವಾ! ಡಬ್ಬೀ ಮ್ಯಾಲ ಹಚ್ಚು, ದೇವರು ತಿಳಕೋತಾನ," ಎಂದೆ. ಎಷ್ಟೋ ತಿಂಗಳ ಮೇಲೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಪರೀಕ್ಷಕರು ವಯಸ್ಸಾದವರು, ಮಿತಭಾಷಿ. ಅವಳ ಭಾಷಣ ಮುಗಿದ ಮೇಲೆ, "ನೋಡೋಣ ನಡೆಯಿರಿ," ಎಂದು ಎದ್ದರು. ಎಲ್ಲರೂ ನನ್ನ ಪ್ರಯೋಗಶಾಲೆಗೆ ಬಂದೆವು. ಸರ್ ಕೂಡ ಕರವಸ್ತ್ರ ಹಿಡಿದು ಒಳಗೆ ಬಂದರು. ಅವಳು ಗದ್ದಲದ ಗುಂಡಿ ತಿರುವಿದಳು, ವಾಲಿನ ಗುಂಡಿ ತಿರುವಿದಳು. ಗೆರೆ ಬಂತು. ಪರೀಕ್ಷಕರು ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿದರು. ಅವರು ಬಗ್ಗುವುದಕ್ಕೂ ಗೆರೆ ಒಡೆಯುವುದಕ್ಕೂ ಸರಿಹೋಯಿತು.

ಬೂದಿ. ಪರದೆಯ ತುಂಬ ಬೂದಿ.

ಹೊರಗೆ ಯಾರೋ ಸ್ಕೂಟರ್ ಚಾಲೂ ಮಾಡುತ್ತಿದ್ದರು. ನನಗೆ ಎಲ್ಲ ಗೊತ್ತಿತ್ತು, ಒಡೆಯುವುದೇ ಫಲಿತಾಂಶ ಎಂದು ಅವಳ ಬಾಯಿಂದ ನೂರು ಸಲ ಕೇಳಿದ್ದೆ, ಆದರೂ ನನ್ನ ಕೈ ತಾನಾಗಿ ಗುಂಡಿಯತ್ತ ಹೋಯಿತು. ಅವಳು ಮೇಜಿನ ಅಂಚಿನ ಹತ್ತಿರ ನನ್ನ ಮಣಿಕಟ್ಟು ಹಿಡಿದಳು.

"ಬೇಡ ಮೇಡಮ್. ಬರುತ್ತೆ."

ಕಾದೆವು. ಸರ್ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಪರೀಕ್ಷಕರು ಕದಲಲಿಲ್ಲ. ಅವಳ ಬೆರಳುಗಳು ತಣ್ಣಗಿದ್ದವು, ಬಿಗಿಯಾಗಿದ್ದವು. ಬೂದಿಯ ನಡುವೆ ಮೊದಲು ಒಂದು ದಟ್ಟ ಪಟ್ಟಿ ಕಂಡಿತು, ಮತ್ತೆ ಚದುರಿತು, ಮತ್ತೆ ಕಂಡಿತು. ಆಮೇಲೆ ನೋಡನೋಡುತ್ತಿದ್ದಂತೆ ಎಲ್ಲ ಒಳಕ್ಕೆ ಸೇರಿಕೊಂಡು, ಮೂಲೆಯಿಂದ ಮೂಲೆಗೆ ಗೆರೆ.

ಪರೀಕ್ಷಕರು ಗೆರೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ. ಪಕ್ಕದಲ್ಲಿ ಎರಡು ಬೋರ್ಡುಗಳ ನಡುವಿನ ವ್ಯತ್ಯಾಸ ತೋರಿಸುವ ಮೀಟರ್ ಇತ್ತು. ಅದರ ಕೊನೆಯ ಅಂಕಿಗಳು ಎಂದಿನಂತೆ ಹಾರುತ್ತಿದ್ದವು. ಅದನ್ನೇ ನೋಡುತ್ತ ನಿಂತರು.

"ಇದು ಸೊನ್ನೆಗೆ ಬಂದು ನಿಂತುಬಿಟ್ಟಿದ್ದರೆ," ಎಂದರು, "ನಾನು ಈ ಥೀಸಿಸ್‌ಗೆ ಸಹಿ ಹಾಕುತ್ತಿರಲಿಲ್ಲ." ಆಮೇಲೆ ಅವಳ ಕಡೆ ತಿರುಗಿ ಕೇಳಿದರು. "ಗೆರೆ ತಿರುಗಿ ಬರದಿದ್ದರೆ ಏನು ಮಾಡುತ್ತಿದ್ದಿರಿ?"

"ಇನ್ನೂ ಕಾಯ್ತಿದ್ದೆ ಸರ್."

ಅವರು ನಕ್ಕು ಜೇಬಿನಿಂದ ಪೆನ್ನು ತೆಗೆದರು. ಸರ್ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಕಣ್ಣೂ ತುಂಬಿತು. ಒರೆಸಿಕೊಳ್ಳಲು ಕೈ ಎತ್ತಲು ನೋಡಿದರೆ ಆಗಲಿಲ್ಲ. ಅವಳು ಇನ್ನೂ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ.